ಮಗು ಬರೆದ ಪರೀಕ್ಷೆ ಯಾರದ್ದು?

2024ರ ಮಾರ್ಚ್ 12, ಮಂಗಳವಾರ. ಐದು, ಎಂಟು ಮತ್ತು ಒಂಬತ್ತನೇ ಕ್ಲಾಸಿನ ಬೋರ್ಡ್ ಪರೀಕ್ಷೆಗೆ ಸುಪ್ರೀಂ ಕೋರ್ಟ್ ತಡೆ ಹಾಕಿದ ದಿನ. ಅವತ್ತು ಆ ಬ್ರೇಕಿಂಗ್ ನ್ಯೂಸನ್ನು ದನಿ ಏರಿಸಿ ಓದಿದವನು ನಾನೇ. ಪರೀಕ್ಷೆ ಶುರುವಾಗಿದ್ದು ಸೋಮವಾರ. ಎರಡು ದಿನ ಮಕ್ಕಳು ಬರೆದಾಗಿತ್ತು. ಮೂರನೇ ದಿನದ ಪರೀಕ್ಷೆಗೆ ಓದ್ತಾ ಕೂತಿದ್ದ ಮಕ್ಕಳಿಗೆ ಸಂಜೆ ಟಿವಿಯಲ್ಲಿ ಗೊತ್ತಾಯ್ತು, ನಾಳೆ ಪರೀಕ್ಷೆ ಇಲ್ಲ ಅಂತ.

ಬುಲೆಟಿನ್ ಮುಗಿಸಿ ಕಾಫಿ ಹಿಡಿದಿದ್ದೆ. ಅಂತರಘಟ್ಟೆಯಿಂದ ಫೋನು. ಅಕ್ಕನ ಮಗಳು. ಐದನೇ ಕ್ಲಾಸು.

"ಮಾಮ, ನಾಳೆ ಪರೀಕ್ಷೆ ಇಲ್ವಂತೆ? ನೀನೇ ಹೇಳಿದ್ಯಲ್ಲ?"

"ಹೂಂ ಪುಟ್ಟಿ, ಕೋರ್ಟು ಬೇಡ ಅಂದಿದೆ."

"ಹಂಗಾರೆ ನಿನ್ನೆ, ಇವತ್ತು ಬರೆದಿದ್ದು ಏನಾಗುತ್ತೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಇಲ್ಲದಿದ್ದಾಗ ದೊಡ್ಡವರು ಏನು ಮಾಡ್ತಾರೋ ನಾನೂ ಅದನ್ನೇ ಮಾಡಿದೆ. "ರಿಸಲ್ಟ್ ಬಂದಾಗ ನಾನೇ ಹೇಳ್ತೀನಿ, ನೀನು ಆಟ ಆಡ್ಕೋ ಹೋಗು" ಅಂದೆ.

ರಾತ್ರಿ ಚರ್ಚೆ. ಪರದೆಯ ಮೇಲೆ ನಾಲ್ಕು ಕಿಟಕಿ, ನಾಲ್ಕು ಜನ ಅತಿಥಿಗಳು. ನಾನು ಕೇಳಿದ್ದು ಒಂದೇ ಪ್ರಶ್ನೆ: ಬೋರ್ಡ್ ಪರೀಕ್ಷೆ ಬೇಕಾ, ಬೇಡ್ವಾ? ಒಬ್ಬರು ಬೇಕು ಅಂದರು, ಒಬ್ಬರು ಬೇಡ ಅಂದರು, ಮತ್ತಿಬ್ಬರು ಒಟ್ಟಿಗೇ ಮಾತಾಡಿದ್ದರಿಂದ ಏನಂದರೋ ಕೇಳಿಸಲಿಲ್ಲ. ಆದರೆ ಆ ಮಗುವಿನ ಪ್ರಶ್ನೆಯನ್ನು ನಾನು ಆ ನಾಲ್ವರಲ್ಲಿ ಒಬ್ಬರಿಗೂ ಕೇಳಲಿಲ್ಲ. ಹತ್ತು ವರ್ಷದ ಮಗು ಕೂತು ಬರೆದು ಬಂದದ್ದು ಯಾರಿಗೆ ಸೇರಿದ್ದು? ಅದರಿಂದ ಗೊತ್ತಾಗುವ ಸಂಗತಿ ಯಾರ ಕೈಗೆ ಹೋಗುತ್ತೆ? ಚರ್ಚೆಯಲ್ಲಿ ಕೇಳದೆ ಬಿಟ್ಟಿದ್ದನ್ನು ಇಲ್ಲಿ ಬರೀತಾ ಇದ್ದೀನಿ. ಅದಕ್ಕೆ ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕು, ಬೇಜಾರು ಮಾಡ್ಕೋಬೇಡಿ.

1823. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್. ಮದ್ರಾಸ್ ಸರ್ಕಾರ ಎಲ್ಲ ಜಿಲ್ಲೆಗಳಿಂದ ವರದಿ ಕೇಳಿತ್ತು, ನಿಮ್ಮಲ್ಲಿ ಎಷ್ಟು ಶಾಲೆ ಇವೆ, ಏನು ಕಲಿಸ್ತಾರೆ ಅಂತ. ಬಹಳ ಕಲೆಕ್ಟರುಗಳು ಲೆಕ್ಕ ಕಳಿಸಿ ಕೈತೊಳೆದುಕೊಂಡರು. ಈ ಮನುಷ್ಯ ಮಾತ್ರ ಶಾಲೆಯೊಳಗೆ ಏನು ನಡೆಯುತ್ತೆ ಅಂತಲೂ ಬರೆದ. ಜಿಲ್ಲೆಯಲ್ಲಿ 533 ಶಾಲೆ, 6,641 ಮಕ್ಕಳು. 235 ಶಾಲೆ ಕನ್ನಡದವು, 226 ತೆಲುಗಿನವು. ಒಂಬತ್ತು ಲಕ್ಷಕ್ಕೂ ಹೆಚ್ಚು ಜನ ಇದ್ದ ಜಿಲ್ಲೆಗೆ ಈ ಲೆಕ್ಕ ಕಮ್ಮಿ ಅಂತ ಅವನೇ ಕೊರಗಿದ್ದಾನೆ.

ಆ ಶಾಲೆ ಬೆಳಿಗ್ಗೆ ಆರಕ್ಕೇ ಶುರು. ಮೊದಲು ಬಂದ ಮಗುವಿನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೀತಿದ್ದರು, ಅದು ಮರ್ಯಾದೆ. ಎರಡನೆಯವನ ಅಂಗೈಗೆ ಒಂದು ಸೊನ್ನೆ. ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದೇಟು, ನಾಲ್ಕನೆಯವನಿಗೆ ಎರಡು. ಹೀಗೆ ಏರುತ್ತಾ ಹೋಗೋದು. ನಗು ಬರುತ್ತೆ, ಅಲ್ವಾ? ಆದರೆ ನೋಡಿ, ರ್‍ಯಾಂಕ್ ಪಟ್ಟಿ ಅನ್ನೋದು ಬ್ರಿಟಿಷರು ಹಡಗಿನಲ್ಲಿ ತಂದಿಳಿಸಿದ ಸಾಮಾನಲ್ಲ. ನಮ್ಮ ಅಂಗೈ ಮೇಲೇ ಇತ್ತು.

ಅಕ್ಷರ ಕಲಿಸ್ತಿದ್ದದ್ದು ಮರಳಿನ ಮೇಲೆ, ಬೆರಳಿನಿಂದ. ತಪ್ಪಾದರೆ ಅಂಗೈಯಲ್ಲಿ ಸವರಿ ಮತ್ತೆ ತಿದ್ದಬಹುದು. ಸ್ವಲ್ಪ ಮುಂದಿರುವ ಹುಡುಗ ಹಿಂದಿರುವವನ ಪಕ್ಕ ಕೂತು ಹೇಳಿಕೊಡಬೇಕು. ಪರೀಕ್ಷೆ ಅಂತ ಬೇರೆ ದಿನ ಇಲ್ಲ. ಮಗು ತಿದ್ದುವಾಗಲೇ ಅಯ್ಯನವರಿಗೆ ಗೊತ್ತಾಗಿಬಿಡುತ್ತೆ, ಇವನಿಗೆ 'ಠ' ಬರ್ತಾ ಇಲ್ಲ ಅಂತ. ಈ ಮರಳು ಮತ್ತು ಈ ಹಿರಿಯ ಹುಡುಗನ ಪದ್ಧತಿಯನ್ನೇ ಆಂಡ್ರ್ಯೂ ಬೆಲ್ ಅನ್ನುವವನು ಮದ್ರಾಸಿನಲ್ಲಿ ನೋಡಿ, ತನ್ನ ಅನಾಥಾಲಯದಲ್ಲಿ ಮಾಡಿ, 1797ರಲ್ಲಿ ಇಂಗ್ಲೆಂಡಿನಲ್ಲಿ ಪುಸ್ತಕ ಮಾಡಿ ಹಾಕಿದ. ಅಲ್ಲಿನವರು ಅದಕ್ಕೆ 'ಮದ್ರಾಸ್ ಪದ್ಧತಿ' ಅಂತಲೇ ಹೆಸರಿಟ್ಟರು.

ಹಾಗಂತ ಎದೆ ಉಬ್ಬಿಸಿಕೊಂಡು ಹಳೇದೆಲ್ಲ ಚಿನ್ನ ಅನ್ನೋ ಜಾತಿಯವನಲ್ಲ ನಾನು. ಅದೇ ಕ್ಯಾಂಪ್‌ಬೆಲ್ ಇನ್ನೊಂದನ್ನೂ ಬರೆದಿದ್ದಾನೆ. ಮಕ್ಕಳು ಪದ್ಯಗಳನ್ನು ಗಿಳಿಯ ಹಾಗೆ ಒಪ್ಪಿಸ್ತಾರೆ, ಅರ್ಥ ಕೇಳಿದರೆ ಗೊತ್ತಿಲ್ಲ, ಎಷ್ಟೋ ಕಡೆ ಕಲಿಸುವವರಿಗೂ ಗೊತ್ತಿಲ್ಲ ಅಂತ. ಆ 6,641 ಮಕ್ಕಳಲ್ಲಿ ಹೆಣ್ಣುಮಕ್ಕಳು ಬೆರಳೆಣಿಕೆ. ನಮ್ಮ ಪುಟ್ಟಿಗೆ ಆ ಜಗುಲಿಯ ಮೇಲೆ ಜಾಗ ಇರ್ತಾ ಇರಲಿಲ್ಲ.

ಈಗ ದೃಶ್ಯ ಲಂಡನ್ನಿಗೆ ಹೋಗಬೇಕು. 1862. ಇಂಗ್ಲೆಂಡಿನ ಬಡವರ ಶಾಲೆಗಳಿಗೆ ಸರ್ಕಾರ ಕೊಡುವ ಅನುದಾನ ವರ್ಷ ವರ್ಷ ಏರ್ತಾ ಇತ್ತು. ರಾಬರ್ಟ್ ಲೋ ಅನ್ನುವ ರಾಜಕಾರಣಿಗೆ ಒಂದು ಐಡಿಯಾ ಬಂತು. ದುಡ್ಡು ಕೊಡೋಣ, ಆದರೆ ಕಲಿತದ್ದಕ್ಕೆ ಮಾತ್ರ ಕೊಡೋಣ. ವರ್ಷಕ್ಕೊಮ್ಮೆ ಇನ್‌ಸ್ಪೆಕ್ಟರ್ ಶಾಲೆಗೆ ಹೋಗಬೇಕು, ಆರು ವರ್ಷ ದಾಟಿದ ಪ್ರತಿ ಮಗುವಿಗೂ ಓದು, ಬರಹ, ಲೆಕ್ಕ ಮೂರರಲ್ಲಿ ಪರೀಕ್ಷೆ ಮಾಡಬೇಕು. ಒಂದೊಂದು ವಿಷಯದಲ್ಲಿ ಫೇಲಾದಾಗಲೂ ಶಾಲೆಗೆ ಬರುವ ದುಡ್ಡಿನಲ್ಲಿ 2 ಶಿಲಿಂಗ್ 8 ಪೆನ್ಸ್ ಕಟ್.

ಕೇಳೋದಕ್ಕೆ ಎಷ್ಟು ಚೆನ್ನಾಗಿದೆ! ಜನರ ತೆರಿಗೆ ದುಡ್ಡಿಗೆ ಲೆಕ್ಕ ಬೇಕಲ್ವಾ? ನಾನೇ ಅವತ್ತು ಆ್ಯಂಕರ್ ಆಗಿದ್ದರೆ ಲೋ ಸಾಹೇಬರನ್ನು ಕೂರಿಸಿಕೊಂಡು ಭಲೇ ಅಂತಿದ್ದೆನೇನೋ. ಆಮೇಲೆ ಆಗಿದ್ದೇನು? ಮೇಷ್ಟ್ರುಗಳ ಸಂಬಳ ಮಕ್ಕಳ ನಾಲಿಗೆ ತುದಿಗೆ ಬಂತು. ಓದಿನ ಪುಸ್ತಕವನ್ನು ಮಕ್ಕಳು ಪೂರ್ತಿ ಬಾಯಿಪಾಠ ಮಾಡಿದರು. ಪುಸ್ತಕ ತಲೆಕೆಳಗಾಗಿ ಹಿಡಿದರೂ ಗಡಗಡ 'ಓದುವ' ಮಕ್ಕಳ ಕಥೆಗಳು ಆ ಕಾಲದ್ದೇ. ಮೂರು ವಿಷಯ ಬಿಟ್ಟು ಉಳಿದದ್ದೆಲ್ಲ ಬಡವಾಯ್ತು. ಕವಿ ಮ್ಯಾಥ್ಯೂ ಆರ್ನಾಲ್ಡ್ ಸ್ವತಃ ಶಾಲಾ ಇನ್‌ಸ್ಪೆಕ್ಟರ್ ಆಗಿದ್ದವರು. ಸರ್ಕಾರಿ ನೌಕರಿಯಲ್ಲಿದ್ದುಕೊಂಡೇ ಇದನ್ನು ವಿರೋಧಿಸಿದರು. ಆ ಶತಮಾನ ಮುಗಿಯುವಷ್ಟರಲ್ಲಿ ಇಂಗ್ಲೆಂಡ್ ಅದನ್ನು ಕೈಬಿಟ್ಟಿತು.

ಅಷ್ಟರಲ್ಲಿ ಅದು ನಮ್ಮಲ್ಲಿಗೆ ಬಂದಾಗಿತ್ತು. ಇವತ್ತಿನ ಬಳ್ಳಾರಿ, ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿದ್ದವು. ಅಲ್ಲಿ 1860ರ ದಶಕದಲ್ಲೇ ಫಲಿತಾಂಶ ನೋಡಿ ದುಡ್ಡು ಕೊಡುವ ಪದ್ಧತಿ ಶುರು. 1882ರ ಹಂಟರ್ ಆಯೋಗ ಪ್ರಾಥಮಿಕ ಶಾಲೆಗಳಿಗೆ ಇದೇ ತತ್ವ ಇರಲಿ ಅಂದಿತು. ನಮ್ಮ ಮೈಸೂರು ಸೀಮೆಯಲ್ಲಿ ಲೂಯಿ ರೈಸ್ ಕಾಲದಲ್ಲಿ, 1868ರಿಂದ ಹೋಬಳಿಗೊಂದು ಶಾಲೆಯ ಯೋಜನೆ ಬಂತು. ಹೌದು, ಶಾಸನಗಳನ್ನು ಸಂಗ್ರಹಿಸಿದ ಅದೇ ಬಿ.ಎಲ್. ರೈಸ್. ಊರೂರಿಗೆ ಸರ್ಕಾರಿ ಶಾಲೆ ಬಂದ ಹಾಗೆ ಊರೂರಿಗೆ ಇನ್‌ಸ್ಪೆಕ್ಟರ್ ಸಾಹೇಬರೂ ಬಂದರು. ಸಾಹೇಬರು ಬರ್ತಾರೆ ಅಂದರೆ ಶಾಲೆಗೆ ಸುಣ್ಣ ಬಳಿಯೋದು, ಚೆನ್ನಾಗಿ ಓದುವವನನ್ನು ಮುಂದಿನ ಸಾಲಿಗೆ ಕೂರಿಸೋದು, ಓದದವನಿಗೆ ಅವತ್ತು ಮನೆಯಲ್ಲೇ ಇರು ಅನ್ನೋದು. ನಿಮ್ಮ ತಂದೆಯವರನ್ನು ಕೇಳಿ ನೋಡಿ, ಅವರ ಕಾಲದಲ್ಲೂ ಇದೇ ಇತ್ತು ಅಂತಾರೆ.

ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. ಧಾರವಾಡದ ಕಡೆ ಮುಲ್ಕಿ ಪರೀಕ್ಷೆ ಅಂತಿತ್ತು. ಮೈಸೂರು ಕಡೆ ಲೋಯರ್ ಸೆಕೆಂಡರಿ, ಜನರ ಬಾಯಲ್ಲಿ ಎಲ್ಲೆಸ್ಸು. ಮುಲ್ಕಿ ಪಾಸಾದವನು ಮಾಸ್ತರನಾಗಬಹುದಿತ್ತು, ತಲಾಠಿಯಾಗಬಹುದಿತ್ತು. ಹೊಲ ಇಲ್ಲದವನ ಮಗನಿಗೂ, ಹಿಂದೆ ಯಾರೂ ಓದದ ಮನೆಯ ಹುಡುಗನಿಗೂ ಆ ಸರ್ಟಿಫಿಕೇಟ್ ಒಂದು ಬಾಗಿಲು ತೆರೀತು. ಎಲ್ಲರಿಗೂ ಒಂದೇ ಪೇಪರು, ತಿದ್ದುವವನಿಗೆ ನಿನ್ನ ಜಾತಿ ಗೊತ್ತಿಲ್ಲ, ನಿಮ್ಮಪ್ಪ ಗೊತ್ತಿಲ್ಲ. ಜಗುಲಿ ಶಾಲೆಯ ಅಯ್ಯನವರಿಗೆ ಅದೆಲ್ಲ ಗೊತ್ತಿತ್ತು. ಹಾಗಾಗಿ ಪರೀಕ್ಷೆ ಅಂದರೆ ನಮ್ಮ ಜನಕ್ಕೆ ಯಾಕೆ ಇಷ್ಟು ನಂಬಿಕೆ ಅನ್ನೋದು ನನಗೆ ಅರ್ಥ ಆಗುತ್ತೆ. ಆದರೆ ಮುಲ್ಕಿ ಇದ್ದದ್ದು ಏಳನೇ ಇಯತ್ತೆಯ ಕೊನೆಗೆ, ನೌಕರಿಯ ಬಾಗಿಲಿನಲ್ಲಿ. ಐದನೇ ಕ್ಲಾಸಿನ ಮಗುವಿಗೆ ಯಾವ ನೌಕರಿ?

ನಾನೂ ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆ ಬರೆದವನೇ. ಶಾಲೆಯ ಹೆಸರು ಬೇಡ. ಪರೀಕ್ಷೆಗೆ ಮುಂಚೆ ನಮಗೆ ಹತ್ತು ಪ್ರಬಂಧ ಬಾಯಿಪಾಠ ಮಾಡಿಸಿದ್ದರು. ಅದರಲ್ಲೊಂದು 'ನಾನು ನೋಡಿದ ಜಾತ್ರೆ'. ಅದೇ ಬಂತು. ಈಗ ನೋಡಿ, ಅಂತರಘಟ್ಟೆ ನನ್ನ ತಾಯಿಯ ತವರು. ದುರ್ಗಾಂಬೆ, ಜನರ ಬಾಯಲ್ಲಿ ಅಂತರಘಟ್ಟಮ್ಮ. ಕಡೂರು, ಅಜ್ಜಂಪುರ, ತರೀಕೆರೆ ಸೀಮೆಯಲ್ಲಿ ಹುಟ್ಟಿದವನಿಗೆ ಆ ಜಾತ್ರೆ ಏನು ಅಂತ ಹೇಳಬೇಕಿಲ್ಲ. ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಗೆಜ್ಜೆ ಕಟ್ಟಿ, ಗಾಡಿ ಮೇಲೆ ಗಾಡಿ ಬರೋದು ನೋಡ್ತಾ ನಾನು ಅಜ್ಜಿ ಮನೆಯಲ್ಲಿ ಬೆಳೆದವನು. ಧೂಳಿನಲ್ಲಿ ಮೊದಲು ಕೇಳಿಸೋದು ಗೆಜ್ಜೆ, ಆಮೇಲೆ ಕಾಣೋದು ಕೊಂಬು. ಪರೀಕ್ಷೆಯಲ್ಲಿ ಇದೊಂದೂ ಬರೀಲಿಲ್ಲ. ಬಾಯಿಪಾಠ ಮಾಡಿದ್ದ ಗೈಡಿನ ಜಾತ್ರೆ ಬರೆದೆ. ಅದರಲ್ಲಿ ತೇರು ಇತ್ತು, ಬಲೂನು ಇತ್ತು, ಬೆಂಡು ಬತ್ತಾಸು ಇತ್ತು, 'ಜನಸಾಗರವೇ ನೆರೆದಿತ್ತು' ಅನ್ನೋ ಸಾಲು ಇತ್ತು. ಎತ್ತಿನ ಗಾಡಿ ಒಂದೂ ಇರಲಿಲ್ಲ. ಕನ್ನಡದಲ್ಲಿ ಒಳ್ಳೇ ಮಾರ್ಕ್ಸ್ ಬಂತು. ಇವತ್ತೂ ಯಾವುದಾದರೂ ಸಮಾವೇಶದ ಲೈವ್ ಕೊಡುವಾಗ 'ಜನಸಾಗರವೇ ನೆರೆದಿದೆ' ಅಂತ ನನ್ನ ಬಾಯಿಂದ ಬಂದುಬಿಡುತ್ತೆ. ಆ ಗೈಡಿನ ಪ್ರಭಾವ ಅಷ್ಟು ಗಟ್ಟಿ!

ಸರಿ. ಹಾಗಾದರೆ ಮಗುವನ್ನು ಅಳೆಯೋದಕ್ಕೆ ಬೇರೆ ದಾರಿ ಯಾರೂ ಹುಡುಕಲೇ ಇಲ್ವಾ? ಹುಡುಕಿದರು. ಇಲ್ಲಿ ನಮ್ಮ ಧಾರವಾಡದ ಹೆಸರು ಬರುತ್ತೆ, ಅದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ.

1904ರಲ್ಲಿ ಪ್ಯಾರಿಸ್ಸಿನಲ್ಲಿ ಒಂದು ಸಮಿತಿ ಆಯ್ತು. ಕಲಿಕೆಯಲ್ಲಿ ಹಿಂದೆ ಬಿದ್ದ ಮಕ್ಕಳನ್ನು ಗುರುತಿಸಿ ಅವರಿಗೆ ಬೇರೆ ನೆರವು ಕೊಡಬೇಕು, ಗುರುತಿಸೋದು ಹೇಗೆ? ಆಲ್ಫ್ರೆಡ್ ಬಿನೆ ಮತ್ತು ಅವರ ಜೊತೆಗಾರ ಸಿಮೋನ್ 1905ರಲ್ಲಿ ಒಂದು ಅಳತೆ ಮಾಡಿದರು. ಅದನ್ನು ಹಾಳೆಯ ಮೇಲೆ ಬರೆಯೋ ಹಾಗಿಲ್ಲ. ಮಗುವಿನ ಎದುರು ಕೂರಬೇಕು. ಬೆಂಕಿಕಡ್ಡಿ ಗೀರಿದರೆ ಕಣ್ಣು ಅದರ ಜೊತೆ ಚಲಿಸುತ್ತಾ? ಒಂದು ಚಾಕೊಲೇಟು, ಅದೇ ಗಾತ್ರದ ಒಂದು ಮರದ ತುಂಡು ಇಟ್ಟರೆ ಯಾವುದಕ್ಕೆ ಕೈ ಹಾಕುತ್ತೆ? ಎರಡು ಡಬ್ಬಿ ಕೈಗೆ ಕೊಟ್ಟರೆ ಯಾವುದು ಭಾರ ಅಂತ ಹೇಳುತ್ತಾ? ಎಲ್ಲ ಮಕ್ಕಳಿಗೂ ಅದೇ ಪ್ರಶ್ನೆ, ಅದೇ ಕ್ರಮ. ಅಂದರೆ ಏಕರೂಪದ ಪರೀಕ್ಷೆಯೇ. ಆದರೆ ಕೈಯಿಂದ ಮಾಡಿ ತೋರಿಸುವ ಪರೀಕ್ಷೆ, ಒಂದು ಮಗುವಿಗೆ ಒಬ್ಬ ದೊಡ್ಡವನು. ಬುದ್ಧಿ ಅನ್ನೋದು ಹುಟ್ಟಿನಿಂದ ಸಾಯುವ ತನಕ ಬದಲಾಗದ ಅಂಕಿ ಅನ್ನುವವರ ವಿರುದ್ಧ ಬಿನೆ ಜೋರಾಗಿಯೇ ಬರೆದಿದ್ದಾರೆ.

1930ರ ದಶಕದಲ್ಲಿ ಧಾರವಾಡದಲ್ಲಿ ವಿ.ವಿ. ಕಾಮತ್ ಎಂಬ ಶಿಕ್ಷಣತಜ್ಞರು ಈ ಪರೀಕ್ಷೆಯನ್ನು ಕೈಗೆತ್ತಿಕೊಂಡರು. ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ತಿದ್ದಿದ್ದ ರೂಪವನ್ನು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದರು. ಬರೀ ಅನುವಾದ ಮಾಡಿದರೆ ಆಗಲ್ಲ ಅಂತ ಗೊತ್ತಿದ್ದ ಮನುಷ್ಯ. ಕ್ಯಾಲಿಫೋರ್ನಿಯಾದ ಮಗು ದಿನಾ ನೋಡೋದು ಬೇರೆ, ಧಾರವಾಡದ ಓಣಿಯ ಮಗು ನೋಡೋದು ಬೇರೆ. ಯಾವ ಪ್ರಶ್ನೆಗೆ ಯಾವ ವಯಸ್ಸಿನ ನಮ್ಮ ಮಕ್ಕಳು ಉತ್ತರಿಸ್ತಾರೆ ಅಂತ ಇಲ್ಲಿನ ಮಕ್ಕಳನ್ನೇ ಕೂರಿಸಿ ನೋಡಿದರು. 1940ರಲ್ಲಿ ಆಕ್ಸ್‌ಫರ್ಡ್ ಪ್ರೆಸ್ಸಿನಿಂದ ಪುಸ್ತಕ ಬಂತು. ಬಿನೆ-ಕಾಮತ್ ಪರೀಕ್ಷೆ ಅಂದರೆ ಇದೇ. ಬುದ್ಧಿಮಾಂದ್ಯ ಅಂತ ಸರ್ಟಿಫಿಕೇಟ್ ಕೊಡುವ ಮುಂಚೆ, ಶಾಲೆಯಲ್ಲಿ ಹಿಂದೆ ಬಿದ್ದ ಮಗುವಿಗೆ ಏನು ತೊಂದರೆ ಅಂತ ತಿಳಿಯೋಕೆ, ಎಷ್ಟೋ ದಶಕ ದೇಶದ ಆಸ್ಪತ್ರೆಗಳಲ್ಲಿ ಬಳಕೆಯಾಗಿದ್ದು ಧಾರವಾಡದಲ್ಲಿ ತಯಾರಾದ ಈ ಅಳತೆಗೋಲು. ಅದಕ್ಕೆ ಅದರದೇ ತಕರಾರುಗಳಿವೆ, ತುಂಬ ಹಳೇದಾಯ್ತು ಅಂತ ಮನಶ್ಶಾಸ್ತ್ರದವರು ಹೇಳ್ತಾರೆ. ಇರಲಿ.

ಮೈಸೂರಿನಲ್ಲೂ ಆ ಗಾಳಿ ಇತ್ತು. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಹತ್ತಿರ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿ 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರದ ವಿಭಾಗ ಕಟ್ಟಿದರು. 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಶುರು ಮಾಡಿದವರೂ ಇವರೇ, ಅದೇ 'ಆಕಾಶವಾಣಿ'. ಮನಸ್ಸು ಅಳೆಯುವ ಮೇಷ್ಟ್ರು ನಮ್ಮ ಪ್ರಸಾರ ವೃತ್ತಿಗೂ ಅಜ್ಜ ಅನ್ನೋದು ನನಗೊಂದು ಖುಷಿ. ಅಷ್ಟಕ್ಕೇ ಈ ಮಾತು.

ಆದರೆ ಜಗತ್ತು ಬಿನೆಯ ದಾರಿಯಲ್ಲಿ ಹೋಗಲಿಲ್ಲ. ಒಂದು ಮಗುವಿಗೆ ಒಬ್ಬ ದೊಡ್ಡವನು ಅಂದರೆ ಖರ್ಚು ಯಾರು ಕೊಡ್ತಾರೆ? 1914-15ರ ಹೊತ್ತಿಗೆ ಅಮೆರಿಕದ ಕ್ಯಾನ್ಸಸ್‌ನಲ್ಲಿ ಫ್ರೆಡರಿಕ್ ಕೆಲ್ಲಿ ಸರಿ ಉತ್ತರಕ್ಕೆ ಗುರುತು ಹಾಕುವ ಪರೀಕ್ಷೆ ತಂದರು. 1917ರಲ್ಲಿ ಸೈನ್ಯಕ್ಕೆ ಸೇರುವ ಲಕ್ಷಾಂತರ ಜನರನ್ನು ಹಾಳೆ ಕೊಟ್ಟು ಒಟ್ಟಿಗೆ ಅಳೆದರು. 1930ರ ದಶಕ ಮುಗಿಯೋ ಹೊತ್ತಿಗೆ ಐಬಿಎಂ ಕಂಪನಿಯ ಯಂತ್ರ ಪೆನ್ಸಿಲ್ ಗುರುತನ್ನು ಓದೋಕೆ ಶುರು ಮಾಡಿತು. ನಾನು ಸಿಇಟಿ ಬರೆದಾಗ ಗೋಳ ತುಂಬಿದ್ದು ಅದರ ಮರಿಮಗನನ್ನೇ. ಹದಿನೆಂಟು ವರ್ಷದವನಿಗೆ ಅದು ಸರಿಯೋ ತಪ್ಪೋ ಬೇರೆ ಮಾತು.

ನಾನು ಓದಿದ್ದು ಸಿವಿಲ್ ಎಂಜಿನಿಯರಿಂಗ್. ಕೆಲಸಕ್ಕೆ ಬಂದಿದ್ದು ಕಮ್ಮಿ, ಆದರೆ ಕಾಂಕ್ರೀಟ್ ಲ್ಯಾಬಿನ ಎರಡು ಪರೀಕ್ಷೆ ಮರೆತಿಲ್ಲ. ಒಂದು ಸ್ಲಂಪ್ ಟೆಸ್ಟ್. ಕಾಂಕ್ರೀಟು ಇನ್ನೂ ಹಸಿ ಇರುವಾಗಲೇ 30 ಸೆಂಟಿಮೀಟರ್ ಎತ್ತರದ ಒಂದು ತಗಡಿನ ಕೋನ್‌ಗೆ ತುಂಬಿ, ಕೋನ್ ಎತ್ತಿದರೆ, ಎಷ್ಟು ಕುಸಿಯುತ್ತೆ ನೋಡೋದು. ಜಾಸ್ತಿ ಕುಸಿದರೆ ನೀರು ಜಾಸ್ತಿಯಾಗಿದೆ. ನಿಂತ ಜಾಗದಲ್ಲೇ ಸರಿ ಮಾಡಬಹುದು. ಇನ್ನೊಂದು ಕ್ಯೂಬ್ ಟೆಸ್ಟ್. 15 ಸೆಂಟಿಮೀಟರಿನ ಗಟ್ಟಿ ಚೌಕ ಮಾಡಿ, 28 ದಿನ ನೀರಿನಲ್ಲಿಟ್ಟು, ಯಂತ್ರದಲ್ಲಿ ಒತ್ತಿ ಪುಡಿ ಮಾಡಿ ಎಷ್ಟು ಭಾರ ತಡೀತು ಅಂತ ನೋಡೋದು. ಎರಡೂ ಬೇಕು. ಆದರೆ ಯಾವ ಮೇಸ್ತ್ರಿಯೂ ಎಲ್ಲ ಕಾಂಕ್ರೀಟನ್ನೂ ಕ್ಯೂಬ್ ಮಾಡಿ ಒಡೆಯಲ್ಲ. ಲೋಡಿಗೆ ನಾಲ್ಕು ಕ್ಯೂಬ್ ತೆಗೀತಾನೆ, ಉಳಿದದ್ದರಲ್ಲಿ ಮನೆ ಕಟ್ತಾನೆ!

ಸರ್ಕಾರಕ್ಕೆ ತನ್ನ ಶಾಲೆಗಳು ಹೇಗಿವೆ ಅಂತ ಗೊತ್ತಾಗಬೇಕು, ನಿಜ. ಅದಕ್ಕೆ ಕೆಲವು ಶಾಲೆ, ಕೆಲವು ಮಕ್ಕಳನ್ನು ಆರಿಸಿಕೊಂಡು ಪರೀಕ್ಷೆ ಮಾಡಿದರೆ ಸಾಕು. ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಧನಾ ಸಮೀಕ್ಷೆ 2017ರಲ್ಲಿ, 2021ರಲ್ಲಿ ಮೂರು, ಐದು, ಎಂಟನೇ ಕ್ಲಾಸಿಗೆ ಹಾಗೇ ಮಾಡಿತು. ಯಾವ ಮಗುವಿಗೂ ಪಾಸು ಫೇಲು ಇಲ್ಲ, ರಾಜ್ಯಕ್ಕೆ, ಜಿಲ್ಲೆಗೆ ಮಾರ್ಕ್ಸು. ಅದು ಕ್ಯೂಬ್ ಟೆಸ್ಟ್. ಹಾಗಾದರೆ ಶಾಲೆಯೊಳಗೆ ಸ್ಲಂಪ್ ಟೆಸ್ಟ್ ಯಾವುದು?

ಉತ್ತರ ನಮ್ಮದೇ ರಾಜ್ಯದಲ್ಲಿ, ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿತು. 1995. ಕಾಡಂಚಿನ ತಾಲೂಕು, ಒಬ್ಬರೇ ಮೇಷ್ಟ್ರು ಹಲವು ಕ್ಲಾಸು ನೋಡುವ ಶಾಲೆಗಳು. ಯುನಿಸೆಫ್ ನೆರವಿನಲ್ಲಿ ಅಲ್ಲಿನ ಸರ್ಕಾರಿ ಶಿಕ್ಷಕರ ತಂಡವೊಂದು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳನ್ನು ನೋಡಿ ಬಂತು. ಬಂದವರು ಪಠ್ಯಪುಸ್ತಕವನ್ನು ಬಿಚ್ಚಿ ಕಾರ್ಡುಗಳನ್ನಾಗಿ ಮಾಡಿದರು. ಅದೇ ನಲಿ-ಕಲಿ. ಸಣ್ಣ ಸಣ್ಣ ಮೆಟ್ಟಿಲು, ಕೆಲವು ಮೆಟ್ಟಿಲಿಗೊಂದು ಮೈಲಿಗಲ್ಲು, ಎಲ್ಲ ಸೇರಿ ಗೋಡೆ ಮೇಲೊಂದು ಕಲಿಕಾ ಏಣಿ. ಕಾರ್ಡಿನ ಮೇಲೆ ಚಿತ್ರದ ಗುರುತು, ಓದಲು ಬಾರದ ಮಗುವೂ ತನ್ನ ಕಾರ್ಡು ತಾನೇ ಹುಡುಕಿಕೊಳ್ಳುತ್ತೆ. ಮಕ್ಕಳು ಐದು ಗುಂಪು. ಒಂದಕ್ಕೆ ಮೇಷ್ಟ್ರು ಪೂರ್ತಿ ಬೇಕು, ಇನ್ನೊಂದಕ್ಕೆ ಗೆಳೆಯರ ಸಹಾಯ ಸಾಕು, ಕೊನೆಯದು ಸ್ವಂತವಾಗಿ ಕಲಿಯುತ್ತೆ. ಏಣಿಯ ನಡುವೆಯೇ ಮೌಲ್ಯಮಾಪನದ ಕಾರ್ಡು ಬರುತ್ತೆ. ಅದು ಮಾಡೋಕೆ ಬಂದರೆ ಮುಂದಿನ ಮೆಟ್ಟಿಲು, ಬರದಿದ್ದರೆ ಇನ್ನೊಂದಿಷ್ಟು ಅಭ್ಯಾಸ. ಜ್ವರ ಬಂದು ಒಂದು ವಾರ ಬಿಟ್ಟ ಮಗು ಬಿಟ್ಟ ಮೆಟ್ಟಿಲಿನಿಂದಲೇ ಶುರು ಮಾಡಬಹುದು. ಮರಳಿನ ಮೇಲೆ ತಿದ್ದುತ್ತಿದ್ದ ಜಗುಲಿ ಶಾಲೆ, ಬೆತ್ತ ಬಿಟ್ಟು, ಹೆಣ್ಣುಮಕ್ಕಳನ್ನೂ ಕರೆದುಕೊಂಡು ವಾಪಸ್ ಬಂದ ಹಾಗೆ ನನಗನ್ನಿಸುತ್ತೆ.

2009-10ರಲ್ಲಿ ಅದು ರಾಜ್ಯದ ಸರ್ಕಾರಿ ಶಾಲೆಗಳ ಒಂದು, ಎರಡನೇ ತರಗತಿಗೆ ಬಂತು, ಆಮೇಲೆ ಮೂರಕ್ಕೆ. 2010ರ ಏಪ್ರಿಲ್ 1ಕ್ಕೆ ಶಿಕ್ಷಣ ಹಕ್ಕು ಕಾಯ್ದೆ ಜಾರಿಯಾಯ್ತು. ಎಂಟನೇ ತರಗತಿ ಮುಗಿಯುವ ತನಕ ಮಗುವಿಗೆ ಬೋರ್ಡ್ ಪರೀಕ್ಷೆ ಇಲ್ಲ, ನಿರಂತರ ಮೌಲ್ಯಮಾಪನ ಮಾಡಿ ಅಂತ ಕಾಯ್ದೆಯೇ ಹೇಳಿತು. ಎಷ್ಟು ಒಳ್ಳೇ ಜೋಡಿ, ಅಲ್ವಾ?

ಕೆಟ್ಟಿದ್ದೆಲ್ಲಿ? ನಾನು ಮಾತಾಡಿಸಿದ ಶಿಕ್ಷಕರೆಲ್ಲ ಒಂದೇ ಮಾತು ಹೇಳಿದರು, ರಿಜಿಸ್ಟರ್. ನಿರಂತರವಾಗಿ ನೋಡಿ ಅಂದದ್ದು ನಿರಂತರವಾಗಿ ಬರೆದಿಡಿ ಅಂತಾಯ್ತು. ಮಗು ಏನು ಮಾಡ್ತಿದೆ ಅಂತ ನೋಡಬೇಕಾದ ಕಣ್ಣು ಕಾಲಂ ತುಂಬೋದರಲ್ಲಿ ಕೂತಿತು. ಪೋಷಕರಿಗೂ ಸಮಾಧಾನ ಇಲ್ಲ. ಪಕ್ಕದ ಮನೆಯ ಕಾನ್ವೆಂಟ್ ಮಗು ಹೋಂವರ್ಕ್ ಬರೀತಾ ಕೂತಿರುತ್ತೆ, ನಮ್ಮದು ಕಾರ್ಡ್ ಹಿಡ್ಕೊಂಡು ಹಾಡ್ತಿರುತ್ತೆ. ನಲಿಯೋದಷ್ಟೇ, ಕಲಿಯೋದು ಯಾವಾಗ ಅಂತ ಕುಹಕ. ಮೇಲಿಂದ ಎಂಟನೇ ಕ್ಲಾಸಿಗೆ ಬಂದರೂ ಸರಿಯಾಗಿ ಓದಲು ಬಾರದ ಮಕ್ಕಳು ಕಣ್ಣೆದುರು ಇದ್ದರು. ಅದು ಸುಳ್ಳಲ್ಲ. ನಮ್ಮಂಥ ಚಾನೆಲ್ಲಿನವರು ಅದನ್ನೇ ಮತ್ತೆ ಮತ್ತೆ ತೋರಿಸಿ, ಪರೀಕ್ಷೆ ತೆಗೆದದ್ದಕ್ಕೇ ಹೀಗಾಯ್ತು ಅಂತ ತೀರ್ಪು ಕೊಟ್ಟೆವು. ಪರೀಕ್ಷೆ ಇದ್ದ ಕಾಲದಲ್ಲಿ ಓದಲು ಬಾರದವರು ಶಾಲೆ ಬಿಟ್ಟು ದನ ಕಾಯಲು ಹೋಗ್ತಿದ್ದರು, ಹಾಗಾಗಿ ಎಂಟನೇ ಕ್ಲಾಸಿನಲ್ಲಿ ಕಾಣ್ತಿರಲಿಲ್ಲ. ಇಷ್ಟು ಸಣ್ಣ ಲೆಕ್ಕ ನನಗೂ ಆಗ ಹೊಳೆಯಲಿಲ್ಲ.

2019ರಲ್ಲಿ ಸಂಸತ್ತು ಕಾಯ್ದೆ ತಿದ್ದಿ, ಐದು ಮತ್ತು ಎಂಟರಲ್ಲಿ ಪರೀಕ್ಷೆಗೆ ದಾರಿ ಮಾಡಿತು. ನಮ್ಮ ರಾಜ್ಯದಲ್ಲಿ 2023ರ ಮಾರ್ಚ್ 10ಕ್ಕೆ ಹೈಕೋರ್ಟಿನ ಏಕಸದಸ್ಯ ಪೀಠ ಐದು, ಎಂಟರ ಬೋರ್ಡ್ ಪರೀಕ್ಷೆಯ ಸುತ್ತೋಲೆ ರದ್ದು ಮಾಡಿತು. 15ಕ್ಕೆ ವಿಭಾಗೀಯ ಪೀಠ ನಡೆಸಿ ಅಂದಿತು. 27ರಿಂದ ನಡೀತು. ಮರುವರ್ಷ ಒಂಬತ್ತನ್ನೂ ಸೇರಿಸಿದರು. ಮಾರ್ಚ್ 6ಕ್ಕೆ ರದ್ದು, 7ಕ್ಕೆ ತಡೆ, 11ಕ್ಕೆ ಶುರು, 12ಕ್ಕೆ ನಿಂತಿತು. 22ಕ್ಕೆ ವಿಭಾಗೀಯ ಪೀಠ ಮತ್ತೆ ಒಪ್ಪಿತು, 25ರಿಂದ ಉಳಿದ ಪೇಪರು. ಏಪ್ರಿಲ್ 8ಕ್ಕೆ ಸುಪ್ರೀಂ ಕೋರ್ಟ್ ಮತ್ತೆ ತಡೆ ಕೊಟ್ಟು, ಫಲಿತಾಂಶ ಪ್ರಕಟಿಸಬೇಡಿ ಅಂದಿತು. ಈ ತಾರೀಖುಗಳನ್ನು ಓದುವಾಗ ನಿಮಗೇ ತಲೆ ಸುತ್ತಿದರೆ, ಹತ್ತು ವರ್ಷದವರ ಕಥೆ ಏನು? ಮಂಡಳಿ ಪೇಪರ್ ತಯಾರು ಮಾಡಿತು, ಮಕ್ಕಳು ಬರೆದರು, ಬೇರೆ ಶಾಲೆಯ ಮೇಷ್ಟ್ರು ತಿದ್ದಬೇಕು. 2023ರಲ್ಲಂತೂ ಸರ್ಕಾರವೇ ಹೇಳಿತ್ತು, ಯಾರನ್ನೂ ಫೇಲ್ ಮಾಡಲ್ಲ ಅಂತ. ಅಂದರೆ ಅದು ಮಗುವಿನ ಪರೀಕ್ಷೆ ಅಲ್ಲ ಅಂತ ಸರ್ಕಾರವೇ ಒಪ್ಪಿದ ಹಾಗೆ ಆಯ್ತಲ್ಲ? ಶಾಲೆಯ ಪರೀಕ್ಷೆ, ಇಲಾಖೆಯ ಪರೀಕ್ಷೆ. ಬರೆಯೋ ಕೂಲಿ ಮಾತ್ರ ಮಗುವಿನದ್ದು. ಲೋ ಸಾಹೇಬರು 1862ರಲ್ಲಿ ಮಾಡಿದ್ದೂ ಇದನ್ನೇ.

ಮರುವರ್ಷ ಅಂತರಘಟ್ಟೆಗೆ ಹೋಗಿದ್ದೆ. ಅಕ್ಕನನ್ನು ಸೋದರಮಾವನ ಮಗನಿಗೇ ಕೊಟ್ಟಿರೋದು, ಹಾಗಾಗಿ ಅಜ್ಜಿ ಮನೆಯೇ ಅಕ್ಕನ ಮನೆ. ಭಾವ ಕೊಟ್ಟಿಗೆಯಲ್ಲಿದ್ದರು. ಹೊಸ ಜೋಡಿ ಎತ್ತು. ನಮ್ಮ ಕಡೆಯವರಿಗೆ ಎತ್ತಿನ ವಿಷಯದಲ್ಲಿ ಸ್ವಲ್ಪ ಜಂಬ, ಪಕ್ಕದ ಅಜ್ಜಂಪುರದಲ್ಲೇ ಅಮೃತ್ ಮಹಲ್ ತಳಿ ಸಂವರ್ಧನಾ ಕೇಂದ್ರ ಇದೆ. ಹೆಂಗೆ ಆರಿಸಿದ್ರಿ ಭಾವ, ಅಂದೆ. "ಹಲ್ಲು ನೋಡ್ದೆ, ಸುಳಿ ನೋಡ್ದೆ. ಅದೆಲ್ಲ ಎಲ್ಲಾರೂ ನೋಡ್ತಾರೆ. ಆಮೇಲೆ ಗಾಡಿಗೆ ಹೂಡಿ ಒಂದು ದಿಣ್ಣೆ ಹತ್ತಿಸಿ ನೋಡ್ದೆ" ಅಂದರು. ನಾನು ಸಿಕ್ಕಿತು ಅಂತ ಖುಷಿಯಲ್ಲಿ, "ಮತ್ತೆ ಮಕ್ಕಳಿಗೆ ಮಾತ್ರ ಪರೀಕ್ಷೆ ಬೇಕು ಅಂತೀರಲ್ಲ?" ಅಂದೆ. ಭಾವ ನಕ್ಕು, "ಎತ್ತು ಹೆಂಗಿದೆ ಅಂತ ನಂಗೆ ಗೊತ್ತಾಗುತ್ತೆ ಕಣಪ್ಪ. ಮಗು ಓದಿದ್ದು ಸರಿಯಾ ತಪ್ಪಾ ಅಂತ ನಂಗೆಂಗೆ ಗೊತ್ತಾಗ್ಬೇಕು? ನಂಗೆ ಮಾರ್ಕ್ಸೇ ಗತಿ" ಅಂದರು. ಅದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ತಾನು ಓದದ ಅಪ್ಪನಿಗೆ ಮಗು ಏನು ಕಲಿತಿದೆ ಅಂತ ಶಾಲೆ ತೋರಿಸಿಕೊಡದಿದ್ದರೆ, ಅವನು ಅಂಕಿಯನ್ನಲ್ಲದೆ ಇನ್ನೇನನ್ನು ನಂಬಬೇಕು?

ಅಕ್ಕನ ಮಗ ಎರಡನೇ ಕ್ಲಾಸು, ನಲಿ-ಕಲಿ. ಶಾಲೆಗೆ ಕರ್ಕೊಂಡು ಹೋದ. ಮಕ್ಕಳು ಬಿಡಿಸಿದ ಚಿತ್ರಗಳು ದಾರಕ್ಕೆ ನೇತಾಡ್ತಿದ್ದವು, ಅದಕ್ಕೆ ಕಲಿಕಾ ಚಪ್ಪರ ಅಂತಾರೆ. ಗೋಡೆಯ ಏಣಿಯ ಹತ್ತಿರ ಹೋಗಿ ಒಂದು ಮೆಟ್ಟಿಲ ಮೇಲೆ ಬೆರಳಿಟ್ಟ. "ಮಾಮ, ನಾನು ಇಲ್ಲಿದೀನಿ. ಇದು ಬಂತು. ಇದು ಅರ್ಧ ಬಂತು. ಇನ್ನು ಇದು." ಮೇಡಂ ಅಲ್ಲೇ ನಿಂತಿದ್ದರು, ಅವನನ್ನು ತಿದ್ದಲಿಲ್ಲ.

ಸಂಜೆ ಅವನ ಅಕ್ಕ, ಈಗ ಆರನೇ ಕ್ಲಾಸು, ಜಗುಲಿಯಲ್ಲಿ ಕೂತು ಬರೀತಿದ್ದಳು. ಕೇಳೋದೋ ಬೇಡವೋ ಅಂದುಕೊಂಡು ಕೇಳಿದೆ. "ಪುಟ್ಟಿ, ಹೋದ ವರ್ಷದ ಪರೀಕ್ಷೇಲಿ ನಿಂಗೆ ಎಷ್ಟು ಬಂತು?"

ತಲೆ ಎತ್ತದೆ ಅಂದಳು, "ನೀನೇ ಹೇಳ್ತೀನಿ ಅಂದಿದ್ಯಲ್ಲ ಮಾಮ."